ಮಳೆಯ ಊರಿನಲ್ಲಿ ಟೆಕ್ನೋ ಪ್ಲೇಟು

ಆಲ್ದೂರಿನ ಆಚೆಗಿನ ಒಂದು ಕಾಫಿ ತೋಟದ ಬಂಗಲೆಯಲ್ಲಿ ಹಳೆಯ ಸಾಮಾನು ಮಾರುತ್ತಿದ್ದಾರೆ ಎಂದು ನಮ್ಮ ಕ್ಯೂರಿಂಗ್ ವರ್ಕ್ಸಿಗೆ (ಕಾಫಿಯ ಸಿಪ್ಪೆ ತೆಗೆದು ಬೀಜ ಹದ ಮಾಡುವ ಕಾರ್ಖಾನೆಗೆ) ಮೂಟೆ ತರುವ ಲಾರಿಯ ಚಾಲಕರು ಹೇಳಿದರು. ನಾನು ಹೋದದ್ದು ಬೀಟೆ ಮರದ ಮೇಜಿನ ಆಸೆಗೆ. ಅಷ್ಟರಲ್ಲಿ ಮೇಜು ಯಾರದೋ ಪಾಲಾಗಿತ್ತು. ಉಳಿದಿದ್ದು ಬೆತ್ತ ಹರಿದ ಕುರ್ಚಿಗಳು ಮತ್ತು ಟೀಪಾಯಿಯ ಕೆಳಗೆ ತಳ್ಳಿದ್ದ ಒಂದು ರಟ್ಟಿನ ಡಬ್ಬ. ಡಬ್ಬದ ತುಂಬ ರೆಕಾರ್ಡುಗಳು. ಮೇಲಿದ್ದವು ಊಹಿಸಬಹುದಾದವೇ: ಕಾಳಿಂಗರಾಯರ ಭಾವಗೀತೆಗಳ ಹಳೆಯ ಅರಗಿನ ಪ್ಲೇಟುಗಳು, ಸಿನಿಮಾ ಹಾಡುಗಳ ಏಳಿಂಚಿನ ಇಪಿಗಳು, ಬೋನಿ ಎಂ. ತಂಡದ ಒಂದು ಎಲ್‌ಪಿ, ಅಂದರೆ ಹಲವು ಹಾಡುಗಳ ಹನ್ನೆರಡಿಂಚಿನ ರೆಕಾರ್ಡು. ತಳದಲ್ಲಿ ಅಮೆರಿಕದ ಡಿಸ್ಕೋ ಗಾಯಕಿ ಡೊನ್ನಾ ಸಮ್ಮರ್ ಅವರ 1977ರ 'ಐ ರಿಮೆಂಬರ್ ಯೆಸ್ಟರ್‌ಡೇ' ಇತ್ತು.

"ಯಜಮಾನರು ಬೆಂಗಳೂರಿಗೆ ಹೋದಾಗಲೆಲ್ಲ ತರುತ್ತಿದ್ದರು, ಕ್ಲಬ್ಬಿನಲ್ಲಿ ಹೊಸ ವರ್ಷಕ್ಕೆ ಹಾಕುವುದಕ್ಕೆ," ಎಂದರು ಮನೆಯ ಅಮ್ಮನವರು. "ಎಲ್ಲಕ್ಕೂ ಬೂಷ್ಟು ಹಿಡಿದಿದೆ. ತೆಗೆದುಕೊಂಡು ಹೋಗಿ, ದುಡ್ಡೇನೂ ಬೇಡ." ದುಡ್ಡು ಕೊಡದೆ ಒಂದು ಮನೆಯ ವಸ್ತು ಹೊತ್ತು ತರುವುದು ನನ್ನ ಮನಸ್ಸಿಗೆ ಒಗ್ಗದು. ಕುರ್ಚಿಯೊಂದನ್ನು ಸೇರಿಸಿ ಲೆಕ್ಕ ಮಾಡಿದೆವು. ಆ ಕುರ್ಚಿಯಲ್ಲಿ ಇಂದಿಗೂ ಯಾರೂ ಕೂರಲಾಗುವುದಿಲ್ಲ.

ಡೊನ್ನಾ ಸಮ್ಮರ್ ರೆಕಾರ್ಡನ್ನು ಕಂಡು ನನ್ನ ಕಣ್ಣು ಅರಳಲು ಕಾರಣ, ಅದರ ಎರಡನೇ ಬದಿಯ ಕೊನೆಯ ಹಾಡು: 'ಐ ಫೀಲ್ ಲವ್'. ಜಾರ್ಜಿಯೋ ಮೊರೊಡರ್ ಮತ್ತು ಪೀಟ್ ಬೆಲ್ಲೊಟ್ಟೆ ಮ್ಯೂನಿಕ್‌ನಲ್ಲಿ ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದಲೇ ಸ್ವರ ಹುಟ್ಟಿಸುವ ಯಂತ್ರ) ಇಟ್ಟುಕೊಂಡು ಕಟ್ಟಿದ ಹಾಡು ಅದು. ಹಾಡಿದ ಕಂಠ ಮತ್ತು ದಪ್ಪ ಡ್ರಮ್ಮಿನ ಪೆಟ್ಟು ಬಿಟ್ಟರೆ ಮಿಕ್ಕಿದ್ದೆಲ್ಲ ಯಂತ್ರದ್ದೇ. ಯಂತ್ರಗಳಲ್ಲಿ ಕಟ್ಟುವ ಕುಣಿತದ ಸಂಗೀತದ ಹೌಸ್, ಟೆಕ್ನೋ ಮುಂತಾದ ಪ್ರಕಾರಗಳ ವಂಶಾವಳಿ ಬರೆಯುವವರು ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಜೊತೆಗೆ ಈ ಹಾಡನ್ನೂ ಬೇರಿನ ಬಳಿಯೇ ಇಡುತ್ತಾರೆ. ಮೊಬೈಲಿನಲ್ಲಿ ಅದನ್ನು ಸಾಕಷ್ಟು ಕೇಳಿದ್ದೆ. ಔಟ್‌ಟರ್ನ್ ಲೆಕ್ಕ (ಮೂಟೆಗೆ ಎಷ್ಟು ಬೀಜ ಹೊರಬಂತು ಎಂಬುದು) ಬರೆಯುವ ನನ್ನ ಕೆಲಸಕ್ಕೆ ಟೆಕ್ನೋದಷ್ಟು ಹೊಂದುವ ಸಂಗೀತ ಬೇರೊಂದಿಲ್ಲ. ಮಾತಿಲ್ಲ, ಅಳುವಿಲ್ಲ, ಸಾಲಿನಿಂದ ಸಾಲಿಗೆ ಕೈ ತಾನಾಗಿ ಸಾಗುತ್ತದೆ. ಆದರೆ ರೆಕಾರ್ಡಿನಲ್ಲಿ ಕೇಳಿರಲಿಲ್ಲ. ಕೇಳಲು ಪ್ಲೇಯರ್ ಬೇಕಲ್ಲ.

ಪ್ಲೇಯರ್ ಸಿಕ್ಕಿದ್ದು ಹಾಸನದಲ್ಲಿ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರ ಮನೆಯಲ್ಲಿ, ಅವರ ತಮ್ಮ ಕೊಲ್ಲಿ ದೇಶದಿಂದ ತಂದಿದ್ದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಪ್ಲೇಯರ್ ಒಂದು ಹೂಕುಂಡ ಹೊತ್ತು ನಿಂತಿತ್ತು. ಈ ಸರಣಿಯ ಮೊದಲ ಯಂತ್ರ 1972ರದ್ದು, ಎಂಕೆ2 1979ರದ್ದು. ಇದರಲ್ಲಿ ಬೆಲ್ಟ್ ಇಲ್ಲ. ತಿರುಗುವ ತಟ್ಟೆ ನೇರವಾಗಿ ಮೋಟರಿನ ಮೇಲೆಯೇ ಕೂತಿರುತ್ತದೆ. ಬೆರಳಿನಿಂದ ತಡೆದು ಬಿಟ್ಟರೆ ಕ್ಷಣಾರ್ಧದಲ್ಲಿ ಮತ್ತೆ ವೇಗ ಹಿಡಿಯುತ್ತದೆ. ಬಲಗಡೆಯ ಸ್ಲೈಡರ್ ಸರಿಸಿದರೆ ವೇಗವನ್ನು ಶೇ 8ರವರೆಗೆ ಏರಿಸಬಹುದು, ಇಳಿಸಬಹುದು. ಮನೆಯಲ್ಲಿ ಕೂತು ಹಾಡು ಕೇಳುವವರಿಗೆಂದು ಜಪಾನಿನವರು ಹುಟ್ಟುಹಾಕಿದ ಈ ಯಂತ್ರದ ವಂಶವನ್ನು ಡಿಜೆಗಳು ತಮ್ಮ ವಾದ್ಯ ಮಾಡಿಕೊಂಡರು.

"ತಿರುಗುವುದೇನೋ ತಿರುಗುತ್ತದೆ. ಆದರೆ ಒಂದು ಕಡೆಯಿಂದ ಹಾಡು ಬಂದರೆ ಇನ್ನೊಂದು ಕಡೆಯಿಂದ ಗುಂಯ್ ಎನ್ನುವ ಸದ್ದು ಮಾತ್ರ," ಎಂದು ದೋಷವನ್ನು ತಾವೇ ಹೇಳಿ, ತಾವೇ ಬೆಲೆ ಇಳಿಸಿದರು ಮೇಷ್ಟ್ರು. ಇಂಥವರ ಹತ್ತಿರ ಚೌಕಾಸಿ ಮಾಡಲು ನಾಲಗೆ ಏಳುವುದಿಲ್ಲ. ಹೂಕುಂಡವನ್ನು ಮಾತ್ರ ಅವರು ಇಟ್ಟುಕೊಂಡರು.

ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯ ಕಡೆ ಒಂದು ಓಣಿಯಲ್ಲಿ ರೇಡಿಯೋ ರಿಪೇರಿಯ ಸಾಹೇಬರು ಇದ್ದಾರೆ. ಬೋರ್ಡಿನಲ್ಲಿ ರೇಡಿಯೋ ಎಂದಿದ್ದರೂ ಈಗ ಅವರ ಮೇಜಿನ ಮೇಲಿರುವುದು ಮಿಕ್ಸಿ, ಇನ್ವರ್ಟರ್, ಸೋಲಾರ್ ದೀಪ. ಅವರು ಮೊದಲು ಮಾಡಿದ್ದು ಯಂತ್ರವನ್ನು ಮೂಸಿ ನೋಡುವ ಕೆಲಸ. "ಸುಟ್ಟ ವಾಸನೆ ಇಲ್ಲ ಸಾರ್. ಬದುಕುತ್ತದೆ." ತಟ್ಟೆಯನ್ನು ಎತ್ತಿ, ಒಳಗಿನ ವೋಲ್ಟೇಜ್ ಗುಂಡಿ ನಮ್ಮ 230ಕ್ಕೆ ಹೊಂದುವ ಜಾಗದಲ್ಲಿದೆ ಎಂದು ಖಾತರಿ ಮಾಡಿಕೊಂಡರು. ಸೂಜಿ ಹಿಡಿಯುವ ತಲೆಯ ಹಿಂಭಾಗದಲ್ಲಿ ಸಣ್ಣ ಸಣ್ಣ ಪಿನ್ನುಗಳಿರುತ್ತವೆ, ಅವು ಕಪ್ಪಾಗಿದ್ದವು. ಮೊಮ್ಮಗಳ ಕಂಪಾಸ್ ಪೆಟ್ಟಿಗೆಯ ರಬ್ಬರ್ ತರಿಸಿ ಅವುಗಳನ್ನು ಉಜ್ಜಿದರು. ಹಾಡು ಎರಡೂ ಕಡೆ ಬಂತು. ಗುಂಯ್ ಸದ್ದು ಉಳಿಯಿತು. ಅದಕ್ಕೆ ಕಾರಣ, ಒಳಗೆ ಕಡಿದುಹೋಗಿದ್ದ ಅರ್ಥ್ ತಂತಿ. ರೆಕಾರ್ಡಿನ ಸೂಜಿಯಿಂದ ಹೊರಡುವ ವಿದ್ಯುತ್ತು ಕೆಲವೇ ಮಿಲಿವೋಲ್ಟ್. ಅದನ್ನು ಅಷ್ಟೊಂದು ಪಟ್ಟು ಹಿಗ್ಗಿಸುವಾಗ ಗೋಡೆಯೊಳಗಿನ 50 ಹರ್ಟ್ಜ್ ಕರೆಂಟಿನ ಗುನುಗೂ ಜೊತೆಗೇ ಹಿಗ್ಗುತ್ತದೆ.

ಕೊನೆಗೆ ಪವರ್ ಹಾಕಿ, ಅಂಗಡಿಯ ದೀಪ ಆರಿಸಿ, "ಇಲ್ಲಿ ನೋಡಿ," ಎಂದರು. ತಟ್ಟೆಯ ಅಂಚಿನಲ್ಲಿ ನಾಲ್ಕು ಸಾಲು ಚುಕ್ಕಿಗಳಿವೆ. ಪಕ್ಕದ ಗುಂಡಿಯಿಂದ ಕೆಂಪು ಬೆಳಕು ಅವುಗಳ ಮೇಲೆ ಮಿಡಿಯುತ್ತ ಬೀಳುತ್ತದೆ. ವೇಗ ಕರಾರುವಾಕ್ಕಾಗಿದ್ದರೆ, ತಟ್ಟೆ ತಿರುಗುತ್ತಿದ್ದರೂ ದೊಡ್ಡ ಚುಕ್ಕಿಗಳ ಸಾಲು ಮಾತ್ರ ನಿಂತಲ್ಲೇ ನಿಲ್ಲುತ್ತದೆ. ವೇಗ ಹೆಚ್ಚಿದರೆ ಮುಂದಕ್ಕೆ, ತಗ್ಗಿದರೆ ಹಿಂದಕ್ಕೆ ತೇಲುತ್ತದೆ. ಎಷ್ಟೋ ವರ್ಷ ಹೂಕುಂಡ ಹೊತ್ತಿದ್ದ ಮೋಟರಿನಲ್ಲಿ ಚುಕ್ಕಿಗಳು ಅಲುಗಲಿಲ್ಲ.

ಹಳೆಯ ಸೂಜಿಯ ಒಳಗಿನ ರಬ್ಬರ್ ಗಟ್ಟಿಯಾಗಿತ್ತು. ಹೊಸ ಕಾರ್ಟ್ರಿಜ್ (ಸೂಜಿ ಕೂರುವ ಪುಟ್ಟ ಭಾಗ) ಬೆಂಗಳೂರಿನಿಂದ ಬಂತು. ಇದು ರೆಕಾರ್ಡಿನ ಮೇಲೆ 3 ಗ್ರಾಂ ಭಾರದಲ್ಲಿ ಕೂರಬೇಕು ಎಂದು ಅದರ ಚೀಟಿಯಲ್ಲಿತ್ತು. ಕಡಿಮೆಯಾದರೆ ಸೂಜಿ ಗೆರೆಯಲ್ಲಿ ಕುಣಿದು ಗೆರೆಯ ಗೋಡೆಗಳನ್ನೇ ಹಾಳುಮಾಡುತ್ತದೆ; ಹಗುರವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಸರಿಯಲ್ಲ. ಪರಿಚಯದ ಚಿನ್ನದಂಗಡಿಯಿಂದ ಅಂಗೈಯಗಲದ ಡಿಜಿಟಲ್ ತಕ್ಕಡಿ ಎರವಲು ತಂದೆ. ಏತಕ್ಕೆ ಎಂದು ಕೇಳಿ ತಿಳಿದುಕೊಂಡ ಅಂಗಡಿಯವರು, "ಮೂರು ಗ್ರಾಂನಲ್ಲಿ ಮಗುವಿಗೆ ಒಂದು ಜೊತೆ ಓಲೆ ಆಗುತ್ತದೆ, ನೀವು ಸೂಜಿ ತೂಗುತ್ತೀರಿ," ಎಂದು ನಕ್ಕರು.

ಇನ್ನು ಬೂಷ್ಟಿನ ವಿಚಾರ. ಮಲೆನಾಡಿನಲ್ಲಿ ರೆಕಾರ್ಡು ಇಟ್ಟುಕೊಳ್ಳಬೇಕೆನ್ನುವವರು ಇದನ್ನು ತಿಳಿದಿರಲೇಬೇಕು. ಎಲ್‌ಪಿಗಳನ್ನು ಮಾಡುವ ವಿನೈಲ್ ಎಂದರೆ ಪಿವಿಸಿ ಪ್ಲಾಸ್ಟಿಕ್ಕು. ಬೂಷ್ಟು ಬೆಳೆಯುವುದು ಅದರ ಮೇಲೆ ಕೂತ ಧೂಳು, ಬೆರಳಿನ ಜಿಡ್ಡು ಮತ್ತು ಕಾಗದದ ಒಳಕವರನ್ನು ಆಧರಿಸಿ. ಹಾಗಾಗಿ ತೊಳೆದರೆ ಬಹಳ ಸಲ ಹೋಗುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಮೂರು ಪಾಲು, ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಪಾಲು, ಪಾತ್ರೆ ತೊಳೆಯುವ ದ್ರವ ಒಂದೇ ಹನಿ. ನಲ್ಲಿ ನೀರು ಬೇಡ. ಒಣಗಿದ ಮೇಲೆ ಅದರ ಸುಣ್ಣ ಗೆರೆಯಲ್ಲಿ ಕೂತು ಚಟಪಟ ಎನ್ನುತ್ತದೆ. ಮೆತ್ತನೆಯ ಬಟ್ಟೆಯಲ್ಲಿ, ಗೆರೆ ಸುತ್ತುವ ದಿಕ್ಕಿನಲ್ಲಿಯೇ ಒರೆಸಬೇಕು. ನಂತರ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಹಪ್ಪಳವಾಗುತ್ತದೆ. ಮುಖ್ಯವಾದ ಎಚ್ಚರಿಕೆ: ಕಾಳಿಂಗರಾಯರ ಕಾಲದ, ನಿಮಿಷಕ್ಕೆ 78 ಸುತ್ತಿನ ಪ್ಲೇಟುಗಳಿಗೆ ಆಲ್ಕೊಹಾಲ್ ಮುಟ್ಟಿಸಬಾರದು. ಅವು ಅರಗಿನವು, ಮರಕ್ಕೆ ಪಾಲಿಷ್ ಹಾಕುವವರು ಸ್ಪಿರಿಟ್ಟಿನಲ್ಲಿ ಕರಗಿಸುವ ಅದೇ ಅರಗು. ಹಾಡು ಬಟ್ಟೆಗೆ ಬರುತ್ತದೆ.

ಹೀಗೆಲ್ಲ ಆಗಿ, ಒಂದು ಭಾನುವಾರ 'ಐ ಫೀಲ್ ಲವ್' ಮೇಲೆ ಸೂಜಿ ಇಳಿಸಿದೆ. ಎಲ್ಲರೂ ಹೇಳುವ ಆ ಪುಳಕಕ್ಕೆ ಸಿದ್ಧನಾಗಿ ಕೂತಿದ್ದೆ. ಬರಲಿಲ್ಲ. ಮೊಬೈಲಿಗಿಂತ ಮಂಕಾಗಿ, ತಾಳದ ಸಣ್ಣ ಸದ್ದುಗಳೆಲ್ಲ ಸವೆದಂತೆ ಕೇಳಿಸಿತು. ರೆಕಾರ್ಡು ಹಳೆಯದಾಯಿತು ಎಂದು ಅಲ್ಲಿಗೇ ಬಿಡಬಹುದಿತ್ತು. ಆದರೆ ಅದೇ ಬದಿಯ ಮೊದಲ ಹಾಡು ನಿಚ್ಚಳವಾಗಿತ್ತು.

ಕಾರಣ ಲೆಕ್ಕದಲ್ಲಿದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ಸುತ್ತುತ್ತದೆ, ಮೊದಲಿನಿಂದ ಕೊನೆಯವರೆಗೂ ಒಂದೇ ಸಮನಾಗಿ. ಆದರೆ ಹೊರಗಿನ ಸುತ್ತು ಉದ್ದ, ಒಳಗಿನ ಸುತ್ತು ಗಿಡ್ಡ. ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋದರೆ ಲೇಬಲ್ಲಿನ ಹತ್ತಿರ ಬರುವಷ್ಟರಲ್ಲಿ ಅದು 21 ಸೆಂಟಿಮೀಟರಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತಬೇಕು. ನವುರಾದ ಸದ್ದುಗಳು ಮೊದಲು ಕೆಡುತ್ತವೆ. ಈ ಎಲ್‌ಪಿಯಲ್ಲಿ ಕಾಲವನ್ನು ಬದಲಿಸಿದ ಹಾಡನ್ನು ಒಯ್ದು ಇಟ್ಟದ್ದು ಆ ಇಕ್ಕಟ್ಟಿನಲ್ಲಿ, ಎರಡನೇ ಬದಿಯ ಕಟ್ಟಕಡೆಗೆ.

ಹಾಗಾದರೆ ಕುಣಿಯುವವರು ಏನು ಕೇಳುತ್ತಿದ್ದರು? ಹನ್ನೆರಡಿಂಚಿನ ಸಿಂಗಲ್: ಎಲ್‌ಪಿಯಷ್ಟೇ ದೊಡ್ಡ ತಟ್ಟೆ, ಆದರೆ ಬದಿಗೆ ಒಂದೇ ಹಾಡು. ಅದರ ಹುಟ್ಟೇ ಒಂದು ಸ್ವಾರಸ್ಯ. 1970ರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್‌ನಲ್ಲಿ ಟಾಮ್ ಮೌಲ್ಟನ್ ಎಂಬ ಮಿಕ್ಸಿಂಗ್ ತಜ್ಞರು ಹಾಡೊಂದರ ಪರೀಕ್ಷಾ ಪ್ರತಿ ಕೆತ್ತಿಸಲು ಹೋದಾಗ ಏಳಿಂಚಿನ ಖಾಲಿ ತಟ್ಟೆಗಳು ಮುಗಿದಿದ್ದವಂತೆ. ಸಿಕ್ಕ ದೊಡ್ಡ ತಟ್ಟೆಯ ಮೇಲೆ, ಗೆರೆಗಳನ್ನು ಅಗಲಿಸಿ, ಸದ್ದು ಏರಿಸಿ ಕೆತ್ತಿದರು. ಬೇಸ್, ಅಂದರೆ ತಗ್ಗು ಸ್ವರಗಳ ನಾದ, ಹೊಟ್ಟೆಗೆ ತಾಗುವಷ್ಟು ದಪ್ಪವಾಗಿ ಬಂತು. ಬೇಸ್ ಹೆಚ್ಚಿದಷ್ಟೂ ಗೆರೆ ಅಕ್ಕಪಕ್ಕ ಹೆಚ್ಚು ಹೊರಳುತ್ತದೆ, ಹೆಚ್ಚು ಜಾಗ ಬೇಡುತ್ತದೆ. ಒಂದು ಇಡೀ ಬದಿಗೆ ಒಂದೇ ಹಾಡಿದ್ದರೆ ಜಾಗಕ್ಕೆ ಬರವಿಲ್ಲ.

'ಐ ಫೀಲ್ ಲವ್' ಎಲ್‌ಪಿಯಲ್ಲಿ ಸುಮಾರು 6 ನಿಮಿಷ. ಹನ್ನೆರಡಿಂಚಿನಲ್ಲಿ 8 ನಿಮಿಷಕ್ಕೂ ಮಿಕ್ಕಿ. ಜರ್ಮನಿಯ ಒಬ್ಬ ಮಾರಾಟಗಾರರ ಬಳಿ ಬಳಸಿದ ಪ್ರತಿ ಇತ್ತು. ಹುಡುಕಿದ್ದು ಡಿಸ್ಕಾಗ್ಸ್ ತಾಣದಲ್ಲಿ. 2000ದಲ್ಲಿ ಅದು ಶುರುವಾದದ್ದೇ ಎಲೆಕ್ಟ್ರಾನಿಕ್ ಸಂಗೀತದ ರೆಕಾರ್ಡುಗಳ ಪಟ್ಟಿಯಾಗಿ. ಉಳಿದ ಸಂಗೀತ ಆಮೇಲೆ ಬಂತು. ರೆಕಾರ್ಡಿನ ಬೆಲೆಗಿಂತ ಅಂಚೆ ವೆಚ್ಚ ಹೆಚ್ಚು, ಅದರ ಮೇಲೆ ಸುಂಕ. ಹಾಸನದ ಮೇಷ್ಟ್ರಿಗೆ ಫೋನ್ ಮಾಡಿ, ಅವರಿಗೂ ಏನಾದರೂ ಬೇಕೇ, ಅಂಚೆ ಖರ್ಚು ಹಂಚಿಕೊಳ್ಳೋಣವೇ ಎಂದು ಕೇಳಿದೆ. ಪ್ಲೇಯರ್ ಮಾರಿದ ಮನುಷ್ಯ ರೆಕಾರ್ಡು ಕೊಳ್ಳುವುದು ಯಾವ ನ್ಯಾಯ ಎಂದು ನಗಾಡಿದರು. ಸ್ವಲ್ಪ ದಿನಗಳ ನಂತರ ಅವರೇ ಒಂದು ಪಟ್ಟಿ ಕಳುಹಿಸಿದರು. ಯಂತ್ರ ಮನೆಯಿಂದ ಹೋದ ಮೇಲೆ ಅದರ ಬೆಲೆ ಗೊತ್ತಾಯಿತಂತೆ, ಬೇರೊಂದನ್ನು ಹುಡುಕುತ್ತಿದ್ದರು.

ಪಾರ್ಸೆಲ್ ಮಳೆಗಾಲದ ನಡುವೆ ಬಂತು. ಪೋಸ್ಟ್‌ಮನ್ ಸುಂಕದ ಹಣ ಎಣಿಸಿಕೊಂಡು, ಒಳಗೆ ಗಡಿಯಾರವಿದೆಯೇ ಎಂದು ಕೇಳಿದರು. ಮೂಲೆ ಮಡಚಿತ್ತು, ಆದರೆ ಒಳಗಿನದು ಕ್ಷೇಮ. ಮಾರಾಟಗಾರ ಕಸುಬು ಬಲ್ಲವನು. ರೆಕಾರ್ಡನ್ನು ಅದರ ರಟ್ಟಿನ ಕವರಿನಿಂದ ಹೊರತೆಗೆದು, ಬೇರೆಯಾಗಿ ಕವರಿನ ಹಿಂದೆ ಇಟ್ಟು ಕಟ್ಟಿದ್ದ. ಒಳಗೇ ಬಿಟ್ಟರೆ ದಾರಿಯ ಎತ್ತಿಕುಕ್ಕಾಟದಲ್ಲಿ ರೆಕಾರ್ಡಿನ ಅಂಚು ಕವರಿನ ಅಂಟನ್ನು ಸೀಳಿ ಹೊರಬರುತ್ತದೆ.

ಸೂಜಿ ಇಟ್ಟೆ. ಕೆಳಗಿನ ಮನೆಯ ಮಾಲೀಕರು ಮೆಟ್ಟಿಲು ಹತ್ತಿ ಬಂದು ಪಂಪ್‌ಸೆಟ್ ತಂದಿರಾ ಎಂದು ವಿಚಾರಿಸಿದರು. ಎಲ್‌ಪಿಯಲ್ಲಿ ಒಂದೇ ಗುನುಗಾಗಿದ್ದ ಬೇಸ್ ಇಲ್ಲಿ ಬಿಡಿಬಿಡಿ ಹೆಜ್ಜೆಗಳಾಗಿ ಎಡಕ್ಕೂ ಬಲಕ್ಕೂ ಓಡಾಡುತ್ತಿತ್ತು. ಆಗ ಅನ್ನಿಸಿದ್ದು ಇಂದಿಗೂ ಬದಲಾಗಿಲ್ಲ: ಇದು ತಟ್ಟೆಯ ಮೈ ಅಳತೆ ತೆಗೆದು ಹೊಲಿದ ಸಂಗೀತ. ಇಂಥ ಎಷ್ಟೋ ಹಾಡುಗಳ ಆರಂಭದಲ್ಲೂ ಕೊನೆಯಲ್ಲೂ ಬರೀ ತಾಳ ಯಾಕೆ? ಡಿಜೆ ಒಂದರಿಂದ ಇನ್ನೊಂದಕ್ಕೆ ದಾಟಲು. ಬೇಸ್ ಸಾಮಾನ್ಯವಾಗಿ ನಟ್ಟನಡುವೆ ಯಾಕೆ? ಎರಡೂ ಕಡೆಗೆ ಬೇರೆ ಬೇರೆಯಾಗಿ ಕೊಟ್ಟರೆ ಸೂಜಿ ಮೇಲೆ ಕೆಳಗೆ ಎಗರಿ ಗೆರೆ ಬಿಟ್ಟು ಹೋಗುತ್ತದೆ. ಯಂತ್ರದಲ್ಲಿ ಹುಟ್ಟಿದ್ದನ್ನು ಪ್ಲಾಸ್ಟಿಕ್ಕಿನ ಮೇಲೆ ಯಾಕೆ ಕೇಳಬೇಕು ಎಂದು ಮೂಡಿಗೆರೆಯ ನಮ್ಮ ಭಾವ ಸಿಕ್ಕಾಗಲೆಲ್ಲ ಕೇಳುತ್ತಾರೆ. ಯಾವ ರೂಪಕ್ಕಾಗಿ ಅದನ್ನು ಕಟ್ಟಿದರೋ ಆ ರೂಪದಲ್ಲಿ ಅದರ ಕಟ್ಟಡ ಕಾಣುತ್ತದೆ, ಭಾವ. ಅಷ್ಟೇ ಉತ್ತರ.

ಇದರ ಪರಮಾವಧಿ ಲಾಕ್ಡ್ ಗ್ರೂವ್. ಸಾಮಾನ್ಯ ರೆಕಾರ್ಡಿನ ಗೆರೆ ಸುರುಳಿಯಾಗಿ ಒಳಕ್ಕೆ ಸಾಗುತ್ತದೆ. ಇಲ್ಲಿ ಗೆರೆಯ ತುದಿಯನ್ನು ಅದರ ಮೊದಲಿಗೇ ಸೇರಿಸಿ ಬಳೆ ಮಾಡಿರುತ್ತಾರೆ. ಸೂಜಿ ಎತ್ತುವವರೆಗೂ ಅದೇ ಒಂದು ಸುತ್ತು. 33⅓ರ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು. ಅದರಲ್ಲಿ ನಾಲ್ಕು ಪೆಟ್ಟು ಸರಿಯಾಗಿ ಕೂರಬೇಕಾದರೆ ನಿಮಿಷಕ್ಕೆ 133.33 ಪೆಟ್ಟಿನ ಲಯ ಬೇಕು. ಅದು ಟೆಕ್ನೋದ ಸಹಜ ನಡೆಯೇ. ಟೆಕ್ನೋ ಹುಟ್ಟಿದ ಅಮೆರಿಕದ ಡೆಟ್ರಾಯಿಟ್ ನಗರದ ಸಂಗೀತಗಾರ ಜೆಫ್ ಮಿಲ್ಸ್ 1994ರ 'ಸೈಕಲ್ 30' ರೆಕಾರ್ಡಿನಲ್ಲಿ ಇಂಥ ಬಳೆಗಳನ್ನು ಸಾಲಾಗಿ ಇಟ್ಟಿದ್ದಾರೆ. ಅದು ಬಂದಾಗ ಸಾಹೇಬರ ಅಂಗಡಿಗೇ ಒಯ್ದೆ, ಎಡಗಡೆಯ ಸ್ಪೀಕರ್ ಒಂದಿಷ್ಟು ಮಂದವಾಗಿದೆ ಎಂಬ ಅನುಮಾನವೂ ಇತ್ತು.

"ಇದು ಹಾಡೋ, ಮೋಟರ್ ಪರೀಕ್ಷೆಯೋ?" ಎಂದರು. ನಂತರ ಸುಮ್ಮನಾದರು. ಸ್ಕ್ರೂಡ್ರೈವರ್ ಕೈಗೆತ್ತಿಕೊಂಡು, ಒಂದೇ ಸುತ್ತು ಸುತ್ತುತ್ತಿದ್ದ ಆ ತಾಳವನ್ನು ಕೇಳುತ್ತ ಕೇಳುತ್ತ ಎಡ ಬಲ ಸರಿಹೊಂದಿಸಿದರು. ಬೇರೆ ಹಾಡಾದರೆ ಮುಂದೆ ಓಡಿಬಿಡುತ್ತದೆ, ಇದಾದರೆ ಹೇಳಿದಲ್ಲೇ ನಿಂತಿರುತ್ತದೆ, ಕಿವಿಗೆ ಅಳತೆ ಸಿಗುತ್ತದೆ ಎಂಬುದು ಅವರ ಮೆಚ್ಚುಗೆ. "ಇದನ್ನು ಇಲ್ಲೇ ಬಿಟ್ಟುಹೋಗಿ ಸಾರ್, ನನ್ನ ಕೆಲಸಕ್ಕೆ ಬರುತ್ತದೆ." ಬಿಟ್ಟು ಬರಲಿಲ್ಲ. ಮಿಲ್ಸ್ ಅವರಿಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಸಿಕ್ಕಿರಲಾರದು ಎನ್ನುವುದು ನನ್ನ ಎಣಿಕೆ.

ಲೇಬಲ್ಲಿನ ಪಕ್ಕದ ಖಾಲಿ ಜಾಗವನ್ನು ಓದುವುದೂ ಒಂದು ಚಟ. ಕೆತ್ತಿದವರು ಅಲ್ಲಿ ಕೈಯಿಂದ ಗೀಚಿದ ಗುರುತುಗಳಿರುತ್ತವೆ. ಡೆಟ್ರಾಯಿಟ್‌ನ ಬಹಳಷ್ಟು ಟೆಕ್ನೋ ರೆಕಾರ್ಡುಗಳನ್ನು ಕೆತ್ತಿದ ರಾನ್ ಮರ್ಫಿ ಅವರ ಗುರುತು ಎನ್‌ಎಸ್‌ಸಿ ಎಂಬ ಮೂರು ಅಕ್ಷರ. ಬರ್ಲಿನ್‌ನ ಬೇಸಿಕ್ ಚಾನೆಲ್ ಎಂಬ ಟೆಕ್ನೋ ಜೋಡಿಯವರು ಲೇಬಲ್ಲಿನ ಅಕ್ಷರಗಳನ್ನೇ ಓದಲಾಗದಂತೆ ಒಡೆದು ಅಚ್ಚು ಹಾಕುತ್ತಿದ್ದರು. ಅಂಥದ್ದನ್ನು ಗುರುತಿಸಲು ಗೀಚಿದ ಸಂಖ್ಯೆಯೇ ಗತಿ. ಟಾರ್ಚ್ ಓರೆ ಹಿಡಿದು ಓದಬೇಕು.

ಭಾರತದ ಹೆಸರೂ ಈ ಕಥೆಯಲ್ಲಿ ಸಣ್ಣದಲ್ಲ. ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303 (ಬೇಸ್ ನುಡಿಸುವುದು), ಟಿಆರ್-808 (ತಾಳ ಹಾಕುವುದು), ಜ್ಯೂಪಿಟರ್-8 (ಕೀಬೋರ್ಡ್ ಸಿಂಥಸೈಜರ್) ಯಂತ್ರಗಳಲ್ಲಿ ಹತ್ತು ಹಿಂದೂಸ್ತಾನಿ ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಗ್ರಾಮಫೋನ್ ಕಂಪನಿ ಹೊರತಂದ ಆ ಎಲ್‌ಪಿಯನ್ನು ಆಗ ಕೇಳಿದವರು ಕಡಿಮೆ. ಅದೇ 303ರಿಂದ ಚಿಕಾಗೋದ ಫ್ಯೂಚರ್ ತಂಡ 'ಆಸಿಡ್ ಟ್ರ್ಯಾಕ್ಸ್' ಹೊರತಂದದ್ದು 1987ರಲ್ಲಿ. ಆಸಿಡ್ ಹೌಸ್ ಎಂಬ ಪ್ರಕಾರ ಅಲ್ಲಿಂದ ಹೆಸರಾಯಿತು. 2010ರಲ್ಲಿ ಡಚ್ಚರೊಬ್ಬರು ಸಿಂಗ್ ಅವರ ರೆಕಾರ್ಡನ್ನು ಮರುಮುದ್ರಿಸಿದ ಮೇಲೆ, ಐದು ವರ್ಷ ಮುಂಚೆಯೇ ಮುಂಬೈಯಲ್ಲಿ ಇದೇನು ನಡೆದಿತ್ತು ಎಂದು ಜಗತ್ತು ಹುಬ್ಬೇರಿಸಿತು. ಸಿಂಗ್ 2015ರಲ್ಲಿ ತೀರಿಕೊಂಡರು.

ನನ್ನ ಬಳಿ ಇರುವುದು ಮರುಮುದ್ರಣ. ಮೂಲ ಪ್ರತಿಯ ಬೆಲೆ ನನ್ನಂಥವರು ಓದಿ ಬಿಡುವುದಕ್ಕೆ ಮಾತ್ರ. ವೀಣೆ ಕಲಿಸುತ್ತಿದ್ದ ದೊಡ್ಡಮ್ಮ ನಮ್ಮ ಮನೆಯಲ್ಲಿದ್ದಾಗ ಭೂಪಾಲಿಯನ್ನು ಹಾಕಿದೆ. "ಮೋಹನ," ಎಂದರು ಮೊದಲ ಸಾಲಿಗೇ. ಆಮೇಲೆ ಮಾಲ್ಕೌಂಸ್ ಬಂದಾಗ, "ಇದು ನಮ್ಮ ಹಿಂದೋಳ. ಯಾರಪ್ಪಾ ನುಡಿಸುತ್ತಿರುವುದು, ಒಂದು ಕಡೆಯೂ ಉಸಿರು ತೆಗೆದುಕೊಳ್ಳುವುದಿಲ್ಲವಲ್ಲ?" 303ಕ್ಕೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣವಿದೆ. ಕೆಳಗೆ ಬೇಸ್ ಹಾಗೆ ಜಾರುವುದನ್ನು ದೊಡ್ಡಮ್ಮ ಹಿಡಿದರು. "ಜಾರು ಇದೆ, ಕಂಪಿತ ಇಲ್ಲ," ಸ್ವರ ಜಾರುತ್ತದೆ, ಅಲುಗುವುದಿಲ್ಲ ಎಂದು ತೀರ್ಪು ಕೊಟ್ಟು, ಇನ್ನೊಮ್ಮೆ ಹಾಕು ಎಂದರು.

ಅವರಿಗಾಗಿಯೇ ಅಹಮದಾಬಾದಿನ ರೆಕಾರ್ಡನ್ನೂ ತರಿಸಿದೆ. ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಒಂದು ಮೂಗ್ ಯಂತ್ರದೊಡನೆ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೋ ತೆರೆದುಕೊಟ್ಟರು. ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಕೆಲಸ ಮಾಡಿದರು. ಸಂಸ್ಥೆಯ ಕಪಾಟಿನಲ್ಲಿ ಉಳಿದಿದ್ದ ಟೇಪುಗಳನ್ನು ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಹುಡುಕಿ ತೆಗೆದ ಮೇಲೆ 2023ರಲ್ಲಿ ಅವು ರೆಕಾರ್ಡಾಗಿ ಬಂದವು. ದೊಡ್ಡಮ್ಮನಿಗೆ ಹಿಡಿಸಲಿಲ್ಲ. ನನಗೆ ಹಿಡಿಸಿತು.

ಜೂನ್ ಬಂತೆಂದರೆ ಇಲ್ಲಿ ಬೇರೆ ದಿನಚರಿ. ಕಾಗದದ ಒಳಕವರುಗಳನ್ನೆಲ್ಲ ತೆಗೆದು ಪಾಲಿಥೀನಿನವು ಹಾಕಿದ್ದೇನೆ. ಕಪಾಟು ಗೋಡೆಯಿಂದ ಒಂದು ಗೇಣು ದೂರ, ರೆಕಾರ್ಡುಗಳು ನೆಟ್ಟಗೆ, ಮಧ್ಯೆ ಸಿಲಿಕಾ ಜೆಲ್ ಪೊಟ್ಟಣಗಳು. ಬಟ್ಟೆ ಕಪಾಟಿನಲ್ಲಿ ಇಡುವಂತೆ ಬಲ್ಬ್ ಉರಿಸಿಡುವ ಉಪಾಯ ಇಲ್ಲಿ ಆಗದು. ಹತ್ತಿರದ ಶಾಖಕ್ಕೆ ವಿನೈಲ್ ಬಾಗುತ್ತದೆ. ಕರೆಂಟ್ ಹೋದಾಗ ನಮ್ಮ ಹಳೆಯ ಇನ್ವರ್ಟರಿನ ಮೇಲೆ ನುಡಿಸಿದರೆ ಆಂಪ್ಲಿಫೈಯರ್ ಜೀರುಂಡೆ ಹಿಡಿದಂತೆ ಕಿರುಗುಟ್ಟುತ್ತದೆ. ಆಗ ಒರೆಸುವ ಕೆಲಸ ಇಟ್ಟುಕೊಳ್ಳುತ್ತೇನೆ.

ವಿನೈಲಿನ ದನಿ ಬೆಚ್ಚಗಿರುತ್ತದೆ ಎನ್ನುವವರ ಜೊತೆ ನನಗೆ ವಾದ ಬೇಡ. ಸದ್ದಿನ ಸ್ವಚ್ಛತೆಯೊಂದೇ ಬೇಕಿದ್ದರೆ ಸಿಡಿ ಮುಂದು, ಅದರಲ್ಲಿ ಎರಡು ಮಾತಿಲ್ಲ. 180 ಗ್ರಾಂ ತೂಕದ ಹೊಸ ಮುದ್ರಣಗಳಿಗೆ ಹೆಚ್ಚು ದುಡ್ಡು ಕೊಡುವುದೂ ನನಗೆ ಸರಿ ಕಾಣದು. ಗೆರೆ ಚೆನ್ನಾಗಿ ಕೆತ್ತಿದ್ದರೆ 140 ಗ್ರಾಂ ಸಾಕು, ಕೆತ್ತಿಲ್ಲದಿದ್ದರೆ ತೂಕ ಅಂಚೆಗೆ ಮಾತ್ರ ಲಾಭ. ಕವರ್ ಬಿಚ್ಚದೆ ಗೋಡೆಗೆ ತೂಗುಹಾಕುವವರೂ ಇದ್ದಾರೆ. ಅವರವರ ಇಷ್ಟ, ಆದರೆ ಅಂಥವರಿಂದಲೇ ಬೆಲೆ ಏರಿದ್ದು.

ಮುಂದಿನ ಪಾರ್ಸೆಲ್ಲಿಗೆ ಪಟ್ಟಿ ನಡೆಯುತ್ತಿದೆ. ಮೇಷ್ಟ್ರು ಕ್ರಾಫ್ಟ್‌ವರ್ಕ್‌ನ 1981ರ 'ಕಂಪ್ಯೂಟರ್ ವರ್ಲ್ಡ್' ಮೂಲ ಜರ್ಮನ್ ಮುದ್ರಣವೇ ಆಗಬೇಕೆಂದು ಪಟ್ಟು ಹಿಡಿದಿದ್ದಾರೆ. ಅದೊಂದರ ದುಡ್ಡಿನಲ್ಲಿ ಗೀರಿಲ್ಲದ ನಾಲ್ಕು ಡೆಟ್ರಾಯಿಟ್ ಹನ್ನೆರಡಿಂಚು ಬರುತ್ತವೆ ಎನ್ನುವುದು ನನ್ನ ಲೆಕ್ಕ. ಸುಂಕವನ್ನು ಬೆಲೆಯ ಪ್ರಕಾರ ಹಂಚಬೇಕೋ ತೂಕದ ಪ್ರಕಾರವೋ ಎಂಬುದೂ ತೀರ್ಮಾನವಾಗಿಲ್ಲ. ಸಾಹೇಬರು ತಮಗೂ ಒಂದು ಬಳೆ ರೆಕಾರ್ಡು ಸೇರಿಸಲು ಹೇಳಿ ಮುಂಗಡ ಕೊಟ್ಟಿದ್ದಾರೆ.